ದಿಲ್‌ಸುಖ್‌ನಗರದ ಬಾಂಬ್ ಗಾಯ: ಆಸ್ಪತ್ರೆಯಿಂದ ಪರಿಹಾರದ ತನಕ

ಹೋದ ತಿಂಗಳು ನನ್ನ ಪರಿಹಾರದ ಹಣ ಕೊನೆಗೂ ಬ್ಯಾಂಕಿಗೆ ಬಂತು. 2013ರ ಫೆಬ್ರವರಿ 21ರಂದು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಆದ ಜೋಡಿ ಬಾಂಬ್ ಸ್ಫೋಟದಲ್ಲಿ ಗಾಯಗೊಂಡವರಲ್ಲಿ ನಾನೂ ಒಬ್ಬ. ಇಷ್ಟು ವರ್ಷ ಯಾಕೆ ಹಿಡಿಯಿತು, ಯಾವ ಕಾಗದಕ್ಕೆ ಎಲ್ಲೆಲ್ಲಿ ಅಲೆದೆವು ಅನ್ನೋದನ್ನೆಲ್ಲ ಬರೆದಿಡುತ್ತಿದ್ದೇನೆ. ಇದು ಯಾರಿಗೂ ಬೇಕಾಗದೆ ಇರಲಿ ಅನ್ನೋದೇ ನನ್ನ ಆಸೆ. ಆದರೆ ಇಂಥ ಸುದ್ದಿ ಇನ್ನೂ ನಿಂತಿಲ್ಲ. ಆಸ್ಪತ್ರೆಯ ಹೊರಗೆ ಏನೂ ತೋಚದೆ ಕೂತಿರುವ ಮನೆಯವರಿಗೆ ಇದು ಸಿಕ್ಕರೆ ಸಾಕು.

ಆಗ ನಾನು ರಾಯಚೂರು ಕಡೆಯಿಂದ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಹೋಗಿದ್ದೆ. ದಿಲ್‌ಸುಖ್‌ನಗರ ನೋಡಿದವರಿಗೆ ಆ ರಸ್ತೆ ಗೊತ್ತಿರುತ್ತದೆ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಕೋಚಿಂಗ್ ಸೆಂಟರ್, ಹಾಸ್ಟೆಲ್, ಸಿನಿಮಾ ಥಿಯೇಟರ್, ಎಲ್ಲ ಒಂದೇ ಸಾಲಿಗೆ. ಅವತ್ತು ಗುರುವಾರ. ಸಾಯಿಬಾಬಾ ಗುಡಿಗೆ ಬರುವವರೂ ಸೇರಿ ಕಾಲಿಡೋಕೆ ಜಾಗ ಇರಲಿಲ್ಲ. ಸಂಜೆ ಏಳರ ಸುಮಾರಿಗೆ 107ರ ಬಸ್ ಸ್ಟಾಪಿನ ಹತ್ತಿರ ಒಂದು, ಎ-ಒನ್ ಮಿರ್ಚಿ ಸೆಂಟರಿನ ಹತ್ತಿರ ಇನ್ನೊಂದು ಸಿಡಿಯಿತು. ಎರಡನ್ನೂ ಸೈಕಲ್‌ಗೆ ಕಟ್ಟಿ ನಿಲ್ಲಿಸಿದ್ದರು. ಕ್ಲಾಸ್ ಮುಗಿಸಿ ಹಾಸ್ಟೆಲ್ ಕಡೆ ಹೊರಟಿದ್ದ ನನಗೆ ಮೊದಲು ಕಂಡದ್ದು ಬೆಂಕಿ. ಆಮೇಲೆ ಸದ್ದೇ ಇಲ್ಲ. ಜನ ಬಾಯಿ ತೆರೆದು ಓಡುತ್ತಿದ್ದರು, ಒಂದು ಮಾತೂ ಕೇಳುತ್ತಿರಲಿಲ್ಲ. ತೊಡೆ ಬಿಸಿಯಾಗಿತ್ತು. ನೋವು ಆಮೇಲೆ ಬಂತು.

ಕೇಂದ್ರದ ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎ ಲೆಕ್ಕದಲ್ಲಿ ಅವತ್ತಿನ ಸ್ಫೋಟದಲ್ಲಿ 18 ಜನ ಸತ್ತರು, 131 ಜನಕ್ಕೆ ಗಾಯ. ಸತ್ತವರಲ್ಲಿ ನನ್ನ ಹಾಗೇ ಓದೋಕೆ ಬಂದ ಹುಡುಗರಿದ್ದರು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ನಾನು ಬದುಕಿದೆ ಅನ್ನುವ ಸಮಾಧಾನದ ಜೊತೆಗೇ ಅವರ ಮನೆಯವರ ನೆನಪು ಬರುತ್ತದೆ.

ನನ್ನನ್ನು ಒಂದು ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಸೇರಿಸಿದರು. ಸೇರಿಸಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಬಂದವರನ್ನೆಲ್ಲ ನೆಲದ ಮೇಲೆ, ಸ್ಟ್ರೆಚರ್ ಮೇಲೆ ಸಿಕ್ಕಲ್ಲಿ ಮಲಗಿಸಿದ್ದರು. ಒಬ್ಬ ಹುಡುಗ ರಿಜಿಸ್ಟರ್ ಹಿಡಿದು ಹೆಸರು ಕೇಳುತ್ತಾ ಬಂದ. ನನಗೆ ಅವನ ಮಾತು ಕೇಳಿಸಲಿಲ್ಲ, ನಾನು ಹೇಳಿದ್ದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ನನ್ನ ಹೆಸರಿನ ಕೊನೆಗೆ ತೆಲುಗಿನ ಒಂದು ‘ಉ’ ಸೇರಿಕೊಂಡಿತು. ಊರಿನ ಹೆಸರು ಮನೆತನದ ಹೆಸರಾಗಿ ಮುಂದೆ ಬಂತು. ಅಪ್ಪನ ಹೆಸರಿನ ಜಾಗ ಖಾಲಿ. ಆ ಗದ್ದಲದಲ್ಲಿ ಅದು ಯಾರ ತಪ್ಪೂ ಅಲ್ಲ. ಆದರೆ ಆ ಒಂದು ಸಾಲು ನಮ್ಮನ್ನು ವರ್ಷಗಟ್ಟಲೆ ಅಲೆಸಿತು.

ಹಾಗಾಗಿ ಮೊದಲ ಮಾತು ಇದೇ. ರೋಗಿಯ ಜೀವಕ್ಕೆ ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಮನೆಯವರಲ್ಲಿ ಒಬ್ಬರು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ಹೆಸರು ಹೇಗೆ ಬರೆದಿದ್ದಾರೆ ಅಂತ ನೋಡಿ. ಎಂಎಲ್‌ಸಿ ಅಂದರೆ ಪೊಲೀಸ್ ಕೇಸಿಗೆ ಸೇರುವ ಗಾಯ ಅಂತ ಆಸ್ಪತ್ರೆ ಮಾಡುವ ದಾಖಲೆ. ಅದರ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆಯೋಕೆ ಬಿಟ್ಟರೆ ಫೋಟೋ ತೆಗೆದಿಟ್ಟುಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಇರುವ ಹಾಗೆ ಹೆಸರು ಬರೆಸಿ. ಡಿಸ್ಚಾರ್ಜ್ ಆಗುವ ಮೊದಲೇ ಸರಿಪಡಿಸಿದರೆ ಒಂದು ಅರ್ಜಿ ಸಾಕು. ಆಮೇಲೆ ಆದರೆ ಅಫಿಡವಿಟ್, ನೋಟರಿ, ತಹಸೀಲ್ದಾರರ ಪತ್ರ ಅಂತ ಬೆಳೆಯುತ್ತಾ ಹೋಗುತ್ತದೆ.

ಅಪ್ಪ ರಾತ್ರಿ ಬಸ್ಸಿಗೆ ಹೊರಟು ಮಹಬೂಬ್‌ನಗರದ ದಾರಿಯಲ್ಲಿ ಬೆಳಗಿನ ಜಾವ ಬಂದರು, ಜೊತೆಗೆ ಸೋದರಮಾವ. ನನ್ನ ಮುಖದ ಹತ್ತಿರ ಬಾಗಿ “ಕೇಳಸ್ತದೇನಪಾ?” ಅಂದರು. ತುಟಿ ನೋಡಿ ತಿಳಿದುಕೊಂಡೆ. ಬಲಗಿವಿಯಲ್ಲಿ ಮಾತ್ರ ಏನೋ ದೂರದ ಸದ್ದು, ಎಡಗಿವಿ ಪೂರ್ತಿ ಮುಚ್ಚಿತ್ತು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬೂದು ಬಣ್ಣದ ತೊಡೆಯ ಮೂಳೆ, ಅದರ ಪಕ್ಕ ಅಚ್ಚ ಬಿಳಿಯ ಚುಕ್ಕಿಗಳು. ಒಂದು ಕಡಲೆ ಕಾಳಿನಷ್ಟಿತ್ತು, ಅಂಚು ಮುರಿದಿತ್ತು. ಮಿಕ್ಕವು ಸಣ್ಣವು. ದೊಡ್ಡದನ್ನು ತೆಗೆದರು. ರಕ್ತನಾಳದ ಹತ್ತಿರ ಇದ್ದ ಎರಡನ್ನು ತೆಗೆಯುವುದಕ್ಕಿಂತ ಬಿಡುವುದೇ ಒಳ್ಳೆಯದು ಅಂದರು. ಅವು ಈಗಲೂ ಒಳಗೇ ಇವೆ.

ಹೀಗೆ ಲೋಹದ ಚೂರು ಉಳಿದವರು ಒಂದು ವಿಷಯ ಮರೆಯಬೇಡಿ. ಮುಂದೆ ಯಾವ ಕಾರಣಕ್ಕೇ ಎಂಆರ್‌ಐ ಬರೆದುಕೊಟ್ಟರೂ ಮೊದಲೇ ಹೇಳಿ. ಅದು ಅಯಸ್ಕಾಂತದ ಯಂತ್ರ, ಒಳಗಿರುವ ಕಬ್ಬಿಣದ ಚೂರು ಅಲುಗಾಡಬಹುದು, ಬಿಸಿಯಾಗಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಚೂರು ಉಳಿದಿದೆ’ ಅಂತ, ಯಾವ ಕಡೆ ಅಂತ ಬರೆಸಿಕೊಳ್ಳಿ. ಹೊರಗೆ ತೆಗೆದ ಚೂರನ್ನು ಮನೆಗೆ ಕೇಳಬೇಡಿ, ಅದು ಸಾಕ್ಷ್ಯ. ಆಸ್ಪತ್ರೆಯವರು ಡಬ್ಬಿಯಲ್ಲಿ ಹಾಕಿ ಸೀಲ್ ಮಾಡಿ ಪೊಲೀಸರಿಗೆ ಕೊಡುತ್ತಾರೆ. ರಕ್ತ ಹತ್ತಿದ ಬಟ್ಟೆಯೂ ಅಷ್ಟೇ. ನಮ್ಮ ಮಾವ ನನ್ನ ಪ್ಯಾಂಟನ್ನು ಒಗೆಯೋಕೆ ಹೊರಟಿದ್ದರು, ನರ್ಸಮ್ಮ ತಡೆದರು. ಅವರಿಗೆ ಪುಣ್ಯ ಬರಲಿ.

ಕಿವಿಯ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕಂದರೆ ಸ್ಫೋಟದ ಗಾಯದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ರಕ್ತ ಕಾಣುವ ಗಾಯಕ್ಕೆ ಎಲ್ಲರೂ ಓಡಿ ಬರುತ್ತಾರೆ. ಕಿವಿಯ ತಮಟೆ ಹರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಫೋಟದ ಗಾಳಿಯ ಹೊಡೆತ ಮೊದಲು ತಾಗುವುದೇ ಕಿವಿಗೆ. ಕಿವಿಗೆ ಎಣ್ಣೆ ಬಿಡಬೇಡಿ, ಡಾಕ್ಟರು ಹೇಳದೆ ಡ್ರಾಪ್ಸ್ ಹಾಕಬೇಡಿ, ನೀರು ಹೋಗದ ಹಾಗೆ ನೋಡಿಕೊಳ್ಳಿ. ಸಣ್ಣ ತೂತಾದರೆ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಮುಚ್ಚುತ್ತದೆ. ನನ್ನ ಬಲಗಿವಿ ಹಾಗೆ ಸರಿಹೋಯಿತು, ಎಡಗಿವಿ ಸರಿಹೋಗಲಿಲ್ಲ. ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆಯಲ್ಲಿ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿದೆ. ಮೊದಲ ವಾರಗಳಲ್ಲೇ ಒಂದು ಆಡಿಯೋಗ್ರಾಮ್ ಕಾಗದ ಕೈಯಲ್ಲಿದ್ದರೆ ಕಿವುಡು ಸ್ಫೋಟದಿಂದಲೇ ಬಂದದ್ದು ಅನ್ನೋದಕ್ಕೆ ಅದೇ ಸಾಕ್ಷಿ. ತಡವಾಗಿ ಮಾಡಿಸಿದರೆ ‘ಮೊದಲೇ ಇತ್ತೇನೋ’ ಅನ್ನುವ ಪ್ರಶ್ನೆ ಬರುತ್ತದೆ.

ಇನ್ನು ಖರ್ಚು. ಸತ್ತವರ ಮನೆಯವರಿಗೆ ರಾಜ್ಯ ಸರ್ಕಾರ 6 ಲಕ್ಷ, ಗಾಯಗೊಂಡವರಿಗೆ 1 ಲಕ್ಷ ಅಂತ ಆಗ ಘೋಷಿಸಿತ್ತು. ಪ್ರಧಾನಿ ಕಡೆಯಿಂದ ಸತ್ತವರ ಮನೆಗೆ 2 ಲಕ್ಷ, ಹೆಚ್ಚು ಗಾಯವಾದವರಿಗೆ 50,000 ಅಂತ ಬಂತು. ಟಿವಿಯಲ್ಲಿ ಕೇಳಿದಾಗ ಅಪ್ಪನಿಗೆ ಸ್ವಲ್ಪ ಧೈರ್ಯ ಬಂತು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನಮ್ಮಿಂದ ದುಡ್ಡು ಕೇಳಲಿಲ್ಲ. ಆದರೆ ಮನೆಗೆ ಬಂದ ಮೇಲಿನ ಡ್ರೆಸಿಂಗ್, ಫಿಸಿಯೋಥೆರಪಿ, ಕಿವಿಯ ಆಪರೇಷನ್, ಓಡಾಟ, ಎಲ್ಲ ನಮ್ಮ ಕೈಯಿಂದಲೇ. ಹಿಯರಿಂಗ್ ಏಡ್‌ಗೇ ಇಪ್ಪತ್ತು ಸಾವಿರದ ಮೇಲಾಯಿತು, ಅದರ ಬ್ಯಾಟರಿ ಖರ್ಚು ಈಗಲೂ ಇದೆ. ಪ್ರತಿ ಬಿಲ್ಲಿನ ಮೇಲೆ ರೋಗಿಯ ಹೆಸರು, ತಾರೀಕು ಇರಲಿ. ಮೆಡಿಕಲ್ ಶಾಪಿನ ತೆಳು ಕಾಗದದ ಬಿಲ್ಲುಗಳ ಅಕ್ಷರ ವರ್ಷದೊಳಗೆ ಅಳಿಸಿಹೋಗುತ್ತವೆ. ಅವತ್ತೇ ಝೆರಾಕ್ಸ್ ಮಾಡಿಸಿಡಿ.

ನಿಜವಾದ ತೊಡಕು ಆಮೇಲೆ ಶುರುವಾಯಿತು. ಸ್ಫೋಟ ಎರಡು, ನಡುವೆ ಇದ್ದದ್ದು ನೂರು ಮೀಟರ್ ಆಸುಪಾಸು. ಆದರೆ ಠಾಣೆಯೂ ಎರಡು, ಎಫ್‌ಐಆರ್ ಕೂಡ ಎರಡು. ಒಂದು ಮಲಕ್‌ಪೇಟೆ ಠಾಣೆಯದು, ಇನ್ನೊಂದು ಸರೂರ್‌ನಗರ ಠಾಣೆಯದು. ಒಂದು ಹೈದರಾಬಾದ್ ಜಿಲ್ಲೆಗೆ ಸೇರಿದ್ದು, ಇನ್ನೊಂದು ರಂಗಾರೆಡ್ಡಿ ಜಿಲ್ಲೆಗೆ. ಬಿದ್ದವನಿಗೆ ತಾನು ಯಾವ ಠಾಣೆಯ ನೆಲದಲ್ಲಿ ಬಿದ್ದೆ ಅಂತ ಗೊತ್ತಿರುತ್ತದಾ? ಒಂದು ಕಚೇರಿಗೆ ಹೋದರೆ ನಿಮ್ಮ ಹೆಸರು ಆ ಕಡೆಯ ಪಟ್ಟಿಯಲ್ಲಿರಬೇಕು ಅಂದರು. ಆ ಕಡೆ ಹೋದರೆ ಹೆಸರು ಇದೆ, ಆದರೆ ‘ಉ’ ಸೇರಿದ ಹೆಸರು. ಆಧಾರ್‌ಗೆ ತಾಳೆಯಾಗುವುದಿಲ್ಲ, ವಿಳಾಸವೂ ಕರ್ನಾಟಕದ್ದು. “ರೇಪು ರಂಡಿ”, ತೆಲುಗಿನಲ್ಲಿ ನಾಳೆ ಬನ್ನಿ, ಅಂತ ಕಳಿಸುತ್ತಿದ್ದರು. ನಾಳೆ ಅಂದರೆ ನಮಗೆ ಮತ್ತೆ ಒಂದು ರಾತ್ರಿ ಎಂಜಿಬಿಎಸ್ ಬಸ್ ಸ್ಟ್ಯಾಂಡಿನಲ್ಲಿ ಕಳೆಯುವುದು. ಕುಂಟುವ ಮಗನನ್ನು ಬೆಂಚಿನ ಮೇಲೆ ಮಲಗಿಸಿ ಅಪ್ಪ ಕೆಳಗೆ ಟವೆಲ್ ಹಾಸಿಕೊಂಡು ಕೂರುತ್ತಿದ್ದರು. ನನಗೆ ಬಾಂಬಿನ ರಾತ್ರಿಗಿಂತ ಆ ರಾತ್ರಿಗಳ ಸಂಕಟವೇ ಜಾಸ್ತಿ ನೆನಪಿದೆ.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ಹೆಡ್ ಕಾನ್‌ಸ್ಟೇಬಲ್. ಕಚೇರಿ ಸುತ್ತೋದು ಬಿಟ್ಟು ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ತೆಗೆದುಕೊಳ್ಳಿ, ಅದರಲ್ಲಿ ಎಂಎಲ್‌ಸಿ ನಂಬರ್, ಠಾಣೆಯ ಎಫ್‌ಐಆರ್‌ನ ಕ್ರೈಂ ನಂಬರ್ ಎರಡೂ ಇರುತ್ತವೆ, ಅದನ್ನು ಹಿಡಿದು ಮಾತಾಡಿ ಅಂದರು. ಊರಿಗೆ ಬಂದು ನೋಟರಿ ಹತ್ತಿರ ‘ಈ ಎರಡೂ ಹೆಸರು ನನ್ನವೇ’ ಅಂತ ಅಫಿಡವಿಟ್ ಮಾಡಿಸಿದೆವು. ತಹಸೀಲ್ದಾರರ ಕಚೇರಿಯಿಂದ ವಾಸದ ಪತ್ರ ತಂದೆವು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ದೃಢೀಕರಣ ಹಾಕಿಸಿದೆವು. ಬೇರೆ ರಾಜ್ಯದಲ್ಲಿ ಗಾಯಗೊಂಡವರು ಈ ಮೂರನ್ನೂ ಮೊದಲೇ ಮಾಡಿಟ್ಟುಕೊಂಡು ಹೋಗಿ. ಅರ್ಜಿಯನ್ನು ಬಾಯಲ್ಲಿ ಹೇಳಿ ಬರಬೇಡಿ. ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ.

ಅಷ್ಟರಲ್ಲಿ 2014ರ ಜೂನ್ 2ಕ್ಕೆ ತೆಲಂಗಾಣ ಬೇರೆ ರಾಜ್ಯವಾಯಿತು. 2016ರ ಅಕ್ಟೋಬರ್‌ನಲ್ಲಿ ಜಿಲ್ಲೆಗಳನ್ನೂ ಒಡೆದು 10 ಇದ್ದದ್ದನ್ನು 31 ಮಾಡಿದರು. ಸಿಬ್ಬಂದಿ ಬದಲಾದರು, ಕಡತಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದವು. ನಮ್ಮ ಕಡತ ಎಲ್ಲಿದೆ ಅಂತ ಯಾರೂ ಹೇಳಲಿಲ್ಲ. ಆಗ ಕೈ ಹಿಡಿದದ್ದು ಆ ಸೀಲು ಬಿದ್ದ ಪ್ರತಿ, ಮತ್ತೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ. 30 ದಿನದೊಳಗೆ ಉತ್ತರ ಕೊಡಬೇಕು ಅನ್ನುವ ನಿಯಮ ಇರುವುದರಿಂದ ಕಡತ ಯಾರ ಮೇಜಿನ ಮೇಲಿದೆ ಅಂತ ತಿಳಿಯಿತು. ಎನ್‌ಐಎಗೆ ಮಾತ್ರ ಮಾಹಿತಿ ಹಕ್ಕು ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆಸ್ಪತ್ರೆ, ಕಂದಾಯ ಕಚೇರಿಗಳಿಗೆ ಹಾಕಿ.

ಕೇಸು ಕೆಲವೇ ವಾರದಲ್ಲಿ ಎನ್‌ಐಎ ಕೈಗೆ ಹೋಗಿತ್ತು. ಅವರು ಬಂದು ಹೇಳಿಕೆ ಬರೆದುಕೊಂಡರು. ಅಪ್ಪನಿಗೆ ದೊಡ್ಡ ಭಯ, ಎಲ್ಲಿ ಯಾವುದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೋ ಅಂತ. ತನಿಖೆಯ ವೇಳೆ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಹೇಳಿಕೆಗೆ ಮಾತ್ರ ಸಹಿ ಇರುತ್ತದೆ. ಇದು ಮೊದಲೇ ಗೊತ್ತಿದ್ದರೆ ನಮ್ಮ ಮನೆಯವರು ಅಷ್ಟು ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

2013ರ ಆಗಸ್ಟ್‌ನಲ್ಲಿ ಈ ಕೇಸಿನ ಆರೋಪಿ, ಇಂಡಿಯನ್ ಮುಜಾಹಿದೀನ್ ಸಂಘಟನೆಯ ಯಾಸಿನ್ ಭಟ್ಕಳ್‌ನನ್ನು ನೇಪಾಳದ ಗಡಿಯಲ್ಲಿ ಹಿಡಿದರು. ಆಮೇಲೆ ನನ್ನ ಕರ್ನಾಟಕದ ವಿಳಾಸ ನೋಡಿದ ಕೂಡಲೇ “ಭಟ್ಕಳ ನಿಮ್ಮ ಕಡೆಯದೇ ಅಲ್ವಾ” ಅಂತ ಕೇಳುವವರು ಹೆಚ್ಚಾದರು. ಆ ಪ್ರಶ್ನೆ ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತಿತ್ತು. ಭಟ್ಕಳದಲ್ಲಿ ಮೀನು ಮಾರುವ, ಅಂಗಡಿ ಇಟ್ಟುಕೊಂಡ, ಮಕ್ಕಳನ್ನು ಓದಿಸುವ ಜನ ಇದ್ದಾರೆ. ಆ ಊರಿಗೆ ಈ ಹೆಸರು ಅಂಟಿದ್ದು ಅವರಿಗೂ ಒಂದು ಗಾಯವೇ.

ಕೋರ್ಟಿನ ಸಮನ್ಸ್ ನಮ್ಮೂರ ಠಾಣೆಯ ಮೂಲಕ ಬಂತು. ಪೊಲೀಸ್ ಮನೆಗೆ ಬಂದದ್ದು ನೋಡಿ ಓಣಿಯವರು ಬೇರೆಯೇ ಮಾತಾಡಿಕೊಂಡರು. ಅಮ್ಮ “ಹೋಗಬ್ಯಾಡಪಾ, ಅವರು ಏನು ಮಾಡ್ತಾರೋ” ಅಂತ ಅತ್ತಳು. ಸಾಕ್ಷಿಗೆ ಭಯ ಇದ್ದರೆ ಎನ್‌ಐಎ ಕಾಯ್ದೆಯಲ್ಲೇ ಹೆಸರು, ವಿಳಾಸ ಗುಟ್ಟಾಗಿಡುವ ಅವಕಾಶ ಇದೆ, ಮುಚ್ಚಿದ ಕೋರ್ಟಿನಲ್ಲಿ ವಿಚಾರಣೆ ನಡೆಸಲೂಬಹುದು. ಸರ್ಕಾರಿ ವಕೀಲರಿಗೆ ಮೊದಲೇ ಹೇಳಿಕೊಳ್ಳಬೇಕು.

ವಿಚಾರಣೆ ಚರ್ಲಪಲ್ಲಿ ಜೈಲಿನ ಒಳಗಿನ ವಿಶೇಷ ಕೋರ್ಟಿನಲ್ಲಿ. ಫೋನ್ ಹೊರಗೇ ಕೊಡಬೇಕು, ಗುರುತಿನ ಚೀಟಿ ಮೂಲ ಪ್ರತಿಯೇ ಬೇಕು. ಬೆಳಗ್ಗೆ ಹೋದರೆ ಕರೆಯುವುದು ಯಾವಾಗಲೋ, ಜೊತೆಗೆ ಊಟ, ನೀರು, ಮಾತ್ರೆ ಇರಲಿ. ನನ್ನ ಹಿಯರಿಂಗ್ ಏಡ್ ನೋಡಿ ಕಾವಲಿನವರು ಏನದು ಅಂತ ವಿಚಾರಿಸಿದರು, ಡಾಕ್ಟರ ಚೀಟಿ ಇದ್ದದ್ದು ಒಳ್ಳೆಯದಾಯಿತು. ಒಳಗೆ ಸರ್ಕಾರಿ ವಕೀಲರು ಎಲ್ಲಿದ್ದಿರಿ, ಏನಾಯಿತು, ಯಾವ ಆಸ್ಪತ್ರೆ ಅಂತ ಕೇಳಿದರು. ಆಮೇಲೆ ಪಾಟೀ ಸವಾಲು. ಸೈಕಲ್ ಇಟ್ಟವರನ್ನು ನೋಡಿದಿರಾ ಅಂದರು. ಇಲ್ಲ ಅಂದೆ. ನಾನು ನೋಡದೆ ಇದ್ದದ್ದನ್ನು ನೋಡಿದೆ ಅನ್ನಲಿಲ್ಲ. ಆರೋಪಿಗಳ ಕಡೆ ತಿರುಗುವ ಧೈರ್ಯ ಆಗಲಿಲ್ಲ, ಜಡ್ಜ್ ಮುಖ ನೋಡುತ್ತಾ ಉತ್ತರ ಕೊಟ್ಟೆ. ಕಿವಿ ಕೇಳಿಸದ ಕಡೆಯಿಂದ ಪ್ರಶ್ನೆ ಬಂದಾಗ ಇನ್ನೊಮ್ಮೆ ಹೇಳಿ ಅಂತ ಕೇಳಿದೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಬರೆದದ್ದನ್ನು ಓದಿ ಹೇಳಿದ ಮೇಲೇ ಸಹಿ ಹಾಕಿ. ಸಾಕ್ಷಿಗೆ ಓಡಾಟದ ಭತ್ಯೆ ಸಿಗುತ್ತದೆ, ಬಸ್ ಟಿಕೆಟ್ ಇಟ್ಟುಕೊಂಡು ಕೇಳಿ ಪಡೆಯಿರಿ.

ಒಟ್ಟು 157 ಸಾಕ್ಷಿಗಳ ವಿಚಾರಣೆ ಆಯಿತು. 2016ರ ಡಿಸೆಂಬರ್ 13ರಂದು ಐದು ಜನ ಅಪರಾಧಿಗಳು ಅಂತ ತೀರ್ಪು ಬಂತು, 19ರಂದು ಮರಣದಂಡನೆ. ತೆಲಂಗಾಣ ಹೈಕೋರ್ಟ್ 2025ರ ಏಪ್ರಿಲ್ 8ರಂದು ಅದನ್ನು ಎತ್ತಿಹಿಡಿಯಿತು. ತೀರ್ಪಿನ ದಿನ ಫೋನ್ ಮಾಡಿದವರೆಲ್ಲ “ಇನ್ನು ನಿಮಗೆ ಪರಿಹಾರವೂ ಬರುತ್ತದೆ ಬಿಡಿ” ಅಂದರು. ಇಲ್ಲಿ ಎಲ್ಲರಿಗೂ ಗೊಂದಲ. ಕೇಸಿನ ದಾರಿ ಬೇರೆ, ಪರಿಹಾರದ ದಾರಿ ಬೇರೆ. ತೀರ್ಪು ಬಂತು ಅಂತ ದುಡ್ಡು ತಾನಾಗಿ ಬರುವುದಿಲ್ಲ. ತೀರ್ಪು ಬರಲಿ ಅಂತ ಅರ್ಜಿ ತಡೆಯಬೇಕಾಗಿಯೂ ಇಲ್ಲ.

ಭಯೋತ್ಪಾದನೆಯಲ್ಲಿ ಸತ್ತವರ, ಅಂಗವಿಕಲರಾದವರ ಕುಟುಂಬಕ್ಕೆ ಕೇಂದ್ರ ಗೃಹ ಇಲಾಖೆಯ ಒಂದು ಯೋಜನೆ 2008ರಿಂದ ಇದೆ. ಮೊದಲು 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷ ಆಯಿತು. ಜಿಲ್ಲಾಧಿಕಾರಿಯ ಮೂಲಕ ಅರ್ಜಿ. ಹಣವನ್ನು ಮೂರು ವರ್ಷ ಠೇವಣಿ ಇಡುತ್ತಾರೆ, ಬಡ್ಡಿ ಖಾತೆಗೆ ಬರುತ್ತದೆ. ಆದರೆ ಗಾಯಗೊಂಡವರಿಗೆ ಶಾಶ್ವತ ಅಂಗವೈಕಲ್ಯ 50 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ನಾನು ಮೆಡಿಕಲ್ ಬೋರ್ಡ್ ಮುಂದೆ ಕೂತೆ. ಕಿವಿಯ ಲೆಕ್ಕದಲ್ಲಿ ಚೆನ್ನಾಗಿ ಕೇಳುವ ಕಿವಿಗೇ ತೂಕ ಜಾಸ್ತಿ. ಒಂದು ಕಿವಿ ಪೂರ್ತಿ ಹೋದರೂ 50 ದೂರದ ಮಾತು, ಅಂಗವಿಕಲರ ಸೌಲಭ್ಯಕ್ಕೆ ಬೇಕಾದ 40 ಕೂಡ ಮುಟ್ಟುವುದಿಲ್ಲ. ಬೋರ್ಡಿನ ಕಾಗದ ಕೈಗೆ ಬಂದ ದಿನ ತುಂಬಾ ಕುಗ್ಗಿಹೋದೆ. ಬಸ್ಸಿನಲ್ಲಿ ಪಕ್ಕದವರ ಮಾತು ಕೇಳದವನಿಗೆ, ಬ್ಯಾಂಕ್ ಇಂಟರ್‌ವ್ಯೂನಲ್ಲಿ ಪ್ರಶ್ನೆ ತಪ್ಪಿಸಿಕೊಂಡವನಿಗೆ, ನಿನಗೆ ಆದದ್ದು ಸಾಲದು ಅಂದಂತಾಗಿತ್ತು.

ಆಮೇಲೆ ಹಿಡಿದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ. ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ಕೊಡುವ ಯೋಜನೆ ಪ್ರತಿ ರಾಜ್ಯದಲ್ಲೂ ಇದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಕರ್ನಾಟಕದಲ್ಲೂ 2011ರ ಯೋಜನೆ ಇದೆ. ಇಲ್ಲಿ 50 ಪರ್ಸೆಂಟ್ ಅನ್ನುವ ಗೆರೆ ನನಗೆ ಅಡ್ಡ ಬರಲಿಲ್ಲ. ಗಾಯ, ಖರ್ಚು, ಕಳೆದುಕೊಂಡ ದುಡಿಮೆ ಎಲ್ಲವನ್ನೂ ನೋಡಿದರು. ವಕೀಲರಿಗೆ ದುಡ್ಡು ಕೊಡಬೇಕಾಗಲಿಲ್ಲ, ಪ್ರಾಧಿಕಾರವೇ ಕೊಟ್ಟಿತು. 15100ಕ್ಕೆ ಫೋನ್ ಮಾಡಿದರೆ ನಿಮ್ಮ ಜಿಲ್ಲೆಯ ಕಚೇರಿ ಯಾವುದು ಅಂತ ಹೇಳುತ್ತಾರೆ. ತಡವಾಗಿ ಹೋದರೆ ಯಾಕೆ ತಡವಾಯಿತು ಅಂತ ಬರೆದುಕೊಡಬೇಕು. ನಾನು ಸೀಲು ಬಿದ್ದ ಹಳೆಯ ಅರ್ಜಿಗಳನ್ನೆಲ್ಲ ಜೋಡಿಸಿ ಕೊಟ್ಟೆ, ಅವೇ ಕಾರಣ ಹೇಳಿದವು.

ಬಂದ ಮೊತ್ತ ದೊಡ್ಡದಲ್ಲ. ಮಾವನ ಹತ್ತಿರ ತೆಗೆದುಕೊಂಡಿದ್ದ ಸಾಲ ತೀರಿತು, ಹೊಸ ಹಿಯರಿಂಗ್ ಏಡ್ ಆಯಿತು. ಅಪ್ಪ ಪಾಸ್‌ಬುಕ್ಕಿನ ಆ ಸಾಲನ್ನು ತುಂಬಾ ಹೊತ್ತು ನೋಡಿದರು.

ಮನಸ್ಸಿನ ವಿಷಯ ಬಿಡುವ ಹಾಗಿಲ್ಲ. ಗೋಡೆಗೆ ಒರಗಿಸಿದ ಸೈಕಲ್ ಕಂಡರೆ ವರ್ಷಗಟ್ಟಲೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದೆ. ದೀಪಾವಳಿಗೆ ಮನೆಯೊಳಗೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕಾಲು ವಾಸಿಯಾಯಿತಲ್ಲ, ಇನ್ನೇನು ಅನ್ನುವವರೇ ಎಲ್ಲ. ಮನೋವೈದ್ಯರ ಹತ್ತಿರ ಹೋದ ಮೇಲೆ ನಿದ್ದೆ ಬಂತು. ಈಗ ಟೆಲಿ-ಮಾನಸ್ ಅಂತ 14416 ನಂಬರ್ ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮನೋವೈದ್ಯರ ಚೀಟಿಗಳನ್ನೂ ಫೈಲಿಗೆ ಸೇರಿಸಿ, ಪರಿಹಾರ ಕೇಳುವಾಗ ಅದೂ ಗಾಯವೇ.

ಮುಖ್ಯ ಆರೋಪಿ ರಿಯಾಜ್ ಭಟ್ಕಳ್ ಇನ್ನೂ ಸಿಕ್ಕಿಲ್ಲ. ಅವನು ಸಿಕ್ಕರೆ ಮತ್ತೆ ಸಾಕ್ಷಿ ಹೇಳೋಕೆ ಕರೆಯಬಹುದು, ಕರೆದರೆ ಹೋಗುತ್ತೇನೆ. ಅವತ್ತು ಆ ರಸ್ತೆಯಲ್ಲಿ ಗಾಯಗೊಂಡವರಲ್ಲಿ ಕನ್ನಡದವರು ಇನ್ನೂ ಯಾರಾದರೂ ಇದ್ದು, ಕಾಗದ ಸಿಗಲಿಲ್ಲ ಅಂತ ಸುಮ್ನೆ ಕೂತಿದ್ದರೆ, ಚಿಕಿತ್ಸೆ ಪಡೆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ತಾರೀಕು ಹಾಕಿ ಎಂಎಲ್‌ಸಿ ಪ್ರತಿ ಕೇಳಿ ಅರ್ಜಿ ಕೊಡಿ. ಹೆಸರು ತಪ್ಪಾಗಿ ಬರೆದಿರಬಹುದು, ಹಾಗಾಗಿ ಆ ರಾತ್ರಿಯ ಪುಟ ಪೂರ್ತಿ ನೋಡಿಸಿ ಅಂತ ಅರ್ಜಿಯಲ್ಲೇ ಬರೆಯಿರಿ.